ಅರ್ಧಕ್ಕೆ ನಿಲ್ಲಿಸಿದ ಓದು



ಗೋಪುರ ಕಟ್ಟಲು ಹೊರಟವನ ಸಾಮತಿ ನಿಮಗೆಲ್ಲ ತಿಳಿದದ್ದೇ (ಲೂಕ 14:28-30). ತಳಪಾಯ ಹಾಕಿದ, ಮುಂದೆ ಕಟ್ಟಲಾಗಲಿಲ್ಲ, ನೋಡಿದವರು ನಕ್ಕರು. ಮೊದಲೇ ಕುಳಿತು ಖರ್ಚಿನ ಲೆಕ್ಕ ಹಾಕಬೇಕು ಎನ್ನುತ್ತಾರೆ ಯೇಸುಸ್ವಾಮಿ. ಆದರೆ ಹಾಕಿದ ಲೆಕ್ಕ ತಪ್ಪಿ, ಈಗಾಗಲೇ ಅರ್ಧ ಗೋಡೆ ಎಬ್ಬಿಸಿ ನಿಂತವರು ಏನು ಮಾಡಬೇಕು? ಅಂಥವರೊಬ್ಬರ ಸಂಗತಿ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನಾನು ಹಿಂದೆ ಇದ್ದ ಧರ್ಮಕೇಂದ್ರದಲ್ಲಿ ಒಬ್ಬರು ಪ್ರೌಢಶಾಲಾ ಶಿಕ್ಷಕಿ ಇದ್ದರು. ಕೆಲಸಕ್ಕೆ ಸೇರಿ, ಮದುವೆಯಾಗಿ, ಇಬ್ಬರು ಮಕ್ಕಳಾದ ಮೇಲೆ ದೂರಶಿಕ್ಷಣದಲ್ಲಿ ಕನ್ನಡ ಎಂ.ಎ. ಓದಲು ತೊಡಗಿದ್ದರು. ನಮ್ಮಲ್ಲಿ ಇದು ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬಂತು. ಅಂದಿನಿಂದ ಎಷ್ಟೋ ಮಂದಿ ಮೇಷ್ಟರು, ಟೀಚರುಗಳು ಹಗಲು ಪಾಠ ಹೇಳಿ ರಾತ್ರಿ ತಾವೇ ವಿದ್ಯಾರ್ಥಿಗಳಾಗಿ ಕೂತಿದ್ದಾರೆ.

ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅವರು ಬಂದರು. ಎರಡನೆಯ ವರ್ಷದ ಪರೀಕ್ಷೆಗೆ ಇನ್ನು ಮೂರು ತಿಂಗಳಿತ್ತು.

“ಫಾದರ್, ಎಂ.ಎ. ಬಿಟ್ಟುಬಿಡ್ತಾ ಇದ್ದೀನಿ. ನನಗಾಗಿ ಪ್ರಾರ್ಥನೆ ಮಾಡಿ.”

“ಯಾಕಮ್ಮಾ?”

“ಮನೆಯವರ ಜೊತೆ ಕೂತು ಜಪಸರ ಹೇಳಿ ತಿಂಗಳುಗಳಾಯ್ತು. ಅತ್ತೆ, ಮಕ್ಕಳು ಹೇಳ್ತಾರೆ, ನಾನು ಒಳಗೆ ಪುಸ್ತಕ ಹಿಡಿದಿರ್ತೀನಿ. ಸಂಪರ್ಕ ತರಗತಿ ಭಾನುವಾರ ಬಂದು ಎರಡು ಸಲ ಪೂಜೆಯೂ ತಪ್ಪಿತು. ದೇವರಿಗೇ ಸಮಯ ಕೊಡದ ಮೇಲೆ ಈ ಡಿಗ್ರಿ ತಗೊಂಡು ಏನು ಮಾಡ್ಲಿ?”

ಗುರುಗಳಾದ ನಮಗೆ ಇಂಥ ಮಾತು ಕೇಳಲು ಬಲು ಹಿತ. ‘ಒಳ್ಳೆಯ ತೀರ್ಮಾನ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ತಡೆದದ್ದು ಸಂತ ಇಗ್ನೇಷಿಯಸ್ ಲೊಯೋಲರ ನೆನಪು.

1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ತಗಲಿ ಕಾಲು ಮುರಿದುಕೊಂಡ ಸೈನಿಕ ಅವರು. ಮನಪರಿವರ್ತನೆಯಾಗಿ, ಜೆರುಸಲೇಮಿಗೆ ಹೋಗಿಬಂದು, 1524ರಲ್ಲಿ ಬಾರ್ಸಿಲೋನಾದಲ್ಲಿ ಲತೀನ್ ವ್ಯಾಕರಣ ಕಲಿಯಲು ಕುಳಿತರು. ಆಗ ಅವರಿಗೆ ಸುಮಾರು 33 ವರ್ಷ. ಬಾಯಿಪಾಠ ಮಾಡಲು ಪುಸ್ತಕ ತೆರೆದರೆ ಸಾಕು, ಮನಸ್ಸಿನ ತುಂಬ ದೈವಿಕ ಆಲೋಚನೆಗಳು, ಆನಂದ! ಪಾಠ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ಯೋಚಿಸಿದರು: ಪ್ರಾರ್ಥನೆಗೆ ಕುಳಿತಾಗ, ಬಲಿಪೂಜೆಯಲ್ಲಿರುವಾಗ ಬಾರದ ಇಷ್ಟು ಭಕ್ತಿ ವ್ಯಾಕರಣ ಕಲಿಯುವಾಗಲೇ ಏಕೆ ಬರುತ್ತದೆ? ಇದು ಶೋಧನೆ ಎಂದು ಅವರಿಗೆ ಹೊಳೆಯಿತು. ತಮ್ಮ ಅಧ್ಯಾಪಕರನ್ನು ಹತ್ತಿರದ ಚರ್ಚಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದರು. ತಿನ್ನಲು ರೊಟ್ಟಿ, ಕುಡಿಯಲು ನೀರು ಸಿಗುವವರೆಗೂ ಈ ಎರಡು ವರ್ಷ ನಿಮ್ಮ ಪಾಠ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟರು. ಶೋಧನೆ ಅಲ್ಲಿಗೆ ನಿಂತಿತು. ಮುಂದೆ ಪ್ಯಾರಿಸ್ಸಿಗೆ ಹೋಗಿ, ರಜೆಯಲ್ಲಿ ಫ್ಲಾಂಡರ್ಸಿನವರೆಗೆ ನಡೆದು ಭಿಕ್ಷೆ ಎತ್ತಿ ಓದಿನ ಖರ್ಚು ಹೊಂದಿಸಿದರು. 1535ರಲ್ಲಿ ಎಂ.ಎ. ಪದವಿ ಪಡೆದಾಗ ನಲವತ್ತು ದಾಟಿತ್ತು.

ಇದನ್ನು ಕೇಳಿ ಟೀಚರಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನಿಜ ಹೊರಬಂತು. ಹಿಂದಿನ ವರ್ಷ ಹಳಗನ್ನಡ ವ್ಯಾಕರಣದ ಪತ್ರಿಕೆಯಲ್ಲಿ ಅವರು ನಪಾಸಾಗಿದ್ದರು. ಸ್ಟಾಫ್ ರೂಮಿನಲ್ಲಿ ಯಾರೋ ನಕ್ಕಿದ್ದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ನೋಡಿದರೇ ಎದೆ ನಡುಗುತ್ತಿತ್ತಂತೆ. ಇನ್ನೊಂದು ಸಂಗತಿಯನ್ನು ತಲೆ ತಗ್ಗಿಸಿ ಹೇಳಿದರು: ಒಂದು ಅಸೈನ್‌ಮೆಂಟನ್ನು ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಿದ್ಧ ಉತ್ತರ ಕೊಂಡು ತಂದು ಇಳಿಸಿಬಿಟ್ಟಿದ್ದರು. “ಮಾರನೆಯ ದಿನ ಕ್ಲಾಸಿನಲ್ಲಿ ಒಬ್ಬ ಹುಡುಗನ ನೋಟ್‌ಬುಕ್ಕಿನಲ್ಲಿ ನಕಲು ಕಂಡು ಕೆಂಪು ಗೀಟು ಎಳೆದೆ ಫಾದರ್. ಕೈ ನಡುಗಿತು.”

ನೋಡಿ, ಜಪಸರ ತಪ್ಪಿದ ನೋವು ಸುಳ್ಳಲ್ಲ. ಆದರೆ ಓದು ಬಿಡಬೇಕೆಂಬ ಆಸೆ ಅದರಿಂದ ಹುಟ್ಟಿದ್ದಲ್ಲ. ಸೋಲಿನ ಭಯ, ನಾಚಿಕೆ, ಇವು ಭಕ್ತಿಯ ಬಟ್ಟೆ ತೊಟ್ಟು ಬಂದಿದ್ದವು.

ಸಂತ ಎಡಿತ್ ಸ್ಟೈನ್ ಅವರ ಅನುಭವವನ್ನೂ ನೆನೆಯಬಹುದು. 1923ರಿಂದ 1931ರವರೆಗೆ ಜರ್ಮನಿಯ ಸ್ಪೈಯರ್ ನಗರದ ಕನ್ಯಾಸ್ತ್ರೀಯರ ಶಾಲೆಯಲ್ಲಿ ಅವರು ಶಿಕ್ಷಕಿ. ದೇವರಿಗೆ ಸೇರಿದವರು ಲೋಕದ ವಿದ್ಯೆಯನ್ನೆಲ್ಲ ಬಿಡಬೇಕೆಂದೇ ಮೊದಲು ಭಾವಿಸಿದ್ದರು. ಸಂತ ಥಾಮಸ್ ಅಕ್ವಿನಾಸರನ್ನು ಓದುತ್ತಾ ಓದುತ್ತಾ, ವಿದ್ಯೆಯನ್ನೂ ದೇವರ ಸೇವೆಯಾಗಿ ಮಾಡಬಹುದೆಂಬುದು ಅವರಿಗೆ ಮನವರಿಕೆಯಾಯಿತು. ಪಾಠ, ನೋಟ್‌ಬುಕ್ಕು ತಿದ್ದುವುದು, ಇವುಗಳ ನಡುವೆಯೇ ಅಕ್ವಿನಾಸರ ದೊಡ್ಡ ಗ್ರಂಥವೊಂದನ್ನು ಜರ್ಮನ್ ಭಾಷೆಗೆ ತಂದರು.

ಹಾಗೆಂದು ಟೀಚರಮ್ಮನಿಗೆ ನಾನು ಎಲ್ಲದರಿಂದಲೂ ರಿಯಾಯಿತಿ ಕೊಡಲಿಲ್ಲ. ಶನಿವಾರ ಸಂಜೆಯ ಪೂಜೆಗೆ ಬಂದರೆ ಭಾನುವಾರದ ಕಟ್ಟಳೆ ಪೂರೈಸಿದಂತೆಯೇ. ಸಂಪರ್ಕ ತರಗತಿ ಇದ್ದ ವಾರ ಹಾಗೆ ಬರಲು ಹೇಳಿದೆ. ಉಳಿದ ಅಸೈನ್‌ಮೆಂಟುಗಳನ್ನು ಅಂಕ ಕಡಿಮೆ ಬಂದರೂ ಸ್ವಂತವಾಗಿ ಬರೆಯಬೇಕೆಂದೆ. ಮತ್ತೊಂದು ಮಾತು, ಇದು ಇಂಥ ಎಲ್ಲ ಶಿಕ್ಷಕರಿಗೂ: ತರಗತಿಯ ನಲವತ್ತು ನಿಮಿಷ ಮಕ್ಕಳದು. ಅವರಿಗೆ ಬೋರ್ಡಿನ ಮೇಲಿನದನ್ನು ಬರೆದುಕೊಳ್ಳಲು ಹೇಳಿ, ಮೇಜಿನ ಕೆಳಗೆ ನಮ್ಮ ಪರೀಕ್ಷೆಯ ಪುಸ್ತಕ ತೆರೆಯುವುದು ಕಳ್ಳತನವೇ.

ಗಂಡಂದಿರಿಗೂ ಒಂದು ಮಾತಿದೆ. ಹೆಂಡತಿ ಶಾಲೆಯಿಂದ ಬಂದು, ಅಡಿಗೆ ಮಾಡಿ, ಪಾತ್ರೆ ತೊಳೆದು, ಮಕ್ಕಳಿಗೆ ಹೋಂವರ್ಕ್ ಮಾಡಿಸಿ ಹತ್ತೂವರೆಗೆ ಪುಸ್ತಕ ತೆರೆದರೆ, ಆಕೆ ಜಪಸರಕ್ಕೆ ಬಾರದಿರುವುದಕ್ಕೆ ಹೊಣೆ ಯಾರು? ಟಿ.ವಿ.ಯ ಮುಂದೆ ಕುಳಿತವರು ಎದ್ದು ಅನ್ನಕ್ಕಿಟ್ಟರೆ ಎಂಟು ಗಂಟೆಗೆ ಎಲ್ಲರೂ ಒಟ್ಟಿಗೆ ಮೊಣಕಾಲೂರಬಹುದು. ಈ ಮನೆಯ ಯಜಮಾನರನ್ನು ಕರೆಸಿ ಇದನ್ನೇ ಹೇಳಿದೆ. ಮೊದಲು ಮುಖ ಗಂಟಿಕ್ಕಿದರು. ಆಮೇಲೆ, “ಸಾರು ಮಾಡೋಕ್ಕೆ ಬರೋಲ್ಲ ಫಾದರ್, ಅನ್ನ ಮಾಡ್ತೀನಿ” ಎಂದರು.

ಸಮಸ್ಯೆ ಬಿಡಿಸಿದ್ದು ನಾನೂ ಅಲ್ಲ, ಅವರೂ ಅಲ್ಲ. ಓದು ಬರಹ ಬಾರದ ಅತ್ತೆ. ಜಪಸರಕ್ಕೆ ಕೂರುವ ಜಾಗವನ್ನು ಅವರು ನಡುಮನೆಯಿಂದ ಸೊಸೆಯ ಮೇಜಿನ ಪಕ್ಕಕ್ಕೇ ಬದಲಾಯಿಸಿದರು. “ನೀನು ಬರಿ ಮಗಾ, ನಾಲ್ಕು ದಶಕ ನಾವು ಮೆತ್ತಗೆ ಹೇಳ್ತೀವಿ. ಐದನೇದಕ್ಕೆ ಪೆನ್ನು ಕೆಳಗಿಡು.” ಮೂರು ತಿಂಗಳು ಹಾಗೆಯೇ ನಡೆಯಿತು.

ಎಲ್ಲ ಪತ್ರಿಕೆಗಳೂ ಪಾಸಾದವು, ಎರಡನೆಯ ದರ್ಜೆಯಲ್ಲಿ. ವ್ಯಾಕರಣಕ್ಕೆ ಬಂದದ್ದು ಪಾಸಿನ ಅಂಕಕ್ಕಿಂತ ಎರಡೇ ಹೆಚ್ಚು. ಬಡ್ತಿ ಇನ್ನೂ ಸಿಕ್ಕಿಲ್ಲ. ಈಚೆಗೆ ಭೇಟಿಯಾದಾಗ ಅದರ ಬಗ್ಗೆ ವಿಚಾರಿಸಿದೆ. ಅವರು ಬೇರೆ ಮಾತು ತೆಗೆದರು: ಒಂಬತ್ತನೆಯ ತರಗತಿಯ ಹಳಗನ್ನಡ ಪದ್ಯವನ್ನು ಮೊದಲೆಲ್ಲ ಗೈಡು ನೋಡಿ ಸಾರಾಂಶ ಬರೆಸಿ ಮುಗಿಸುತ್ತಿದ್ದರಂತೆ. ಈಗ ಒಂದೊಂದು ಪದವನ್ನೂ ಬಿಡಿಸಿ ಹೇಳುತ್ತಾರಂತೆ. ಅಂದು ಕೆಂಪು ಗೀಟು ಎಳೆಸಿಕೊಂಡ ಹುಡುಗನೇ ಅತಿ ಹೆಚ್ಚು ಪ್ರಶ್ನೆ ಕೇಳುತ್ತಾನಂತೆ.