ಮಗುವಿನ ಸಂಯಮ ಯಾರ ವ್ರತ?

ಮಗುವನ್ನು ಸನ್ಮಾರ್ಗಕ್ಕೆ ತರಲು ಅದರ ಇಚ್ಛೆಯನ್ನೇ ಮುರಿಯಬೇಕೆ? 17ನೆಯ ಶತಮಾನದಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ನೆಲೆಸಿದ ಪ್ಯೂರಿಟನ್ ಪಂಥದವರು ಹೌದೆಂದರು. ಆದಿಪಾಪವನ್ನು ಹೊತ್ತು ಹುಟ್ಟುವ ಶಿಶುವಿನ ಹಠವನ್ನು ಬಾಲ್ಯದಲ್ಲಿಯೇ ಅಡಗಿಸುವುದು ಹೆತ್ತವರ ಕರ್ತವ್ಯವೆಂದು ಅವರು ಬಗೆದಿದ್ದರು. ಐವತ್ತು ಮನೆಗಳಿರುವ ಪ್ರತಿಯೊಂದು ಊರೂ ಓದುಬರಹ ಕಲಿಸುವ ಉಪಾಧ್ಯಾಯನನ್ನು ನೇಮಿಸಬೇಕೆಂದು 1647ರಲ್ಲಿ ಶಾಸನ ಮಾಡಿದವರೂ ಅವರೇ.

ಇದಕ್ಕೆ ಸಮೀಪದ ಪರಂಪರೆಯೊಂದು ಮಂಗಳೂರಿಗೂ ಪರಿಚಿತ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು ಪಯಟಿಸಂ ಎಂಬ ಭಕ್ತಿಪಂಥದಲ್ಲಿ ಬೆಳೆದವರು. ಪ್ರಾರ್ಥನೆ, ಪಾಠ, ದುಡಿಮೆಗಳ ಕಟ್ಟುನಿಟ್ಟು ಅವರ ಶಿಕ್ಷಣದ ಜೀವಾಳವಾಗಿತ್ತು. 1843ರಲ್ಲಿ ಮೊಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲ್ ನಿಘಂಟು ಆ ಶಿಸ್ತಿನ ಫಲಗಳೇ. ಕನ್ನಡಿಗರು ಅದನ್ನು ಮರೆಯಲಾಗದು.

ಜೈನದರ್ಶನವೂ ಶಿಶುವನ್ನು ಕಳಂಕರಹಿತವೆಂದು ಹೇಳುವುದಿಲ್ಲ. ಅನಾದಿ ಕರ್ಮಬಂಧ ಅದಕ್ಕೂ ಉಂಟು. ಆದರೆ ಒಬ್ಬರ ಕರ್ಮವನ್ನು ಇನ್ನೊಬ್ಬರು ನಿರ್ಜರೆಗೊಳಿಸಲಾರರು. ತಾಯಿತಂದೆ, ಗುರು ನಿಮಿತ್ತ ಮಾತ್ರ. ಉಪಾದಾನ ಮಗುವಿನ ಆತ್ಮವೇ. ವ್ರತವೆಂಬುದು ತಾನಾಗಿ ಸ್ವೀಕರಿಸುವಂಥದು. ಬೆತ್ತಕ್ಕೆ ಅಂಜಿ ಕುಳಿತ ಮಗು ಸುಮ್ಮನಾಗಿರಬಹುದು, ಸಂಯಮಿಯಾಗಿರುವುದಿಲ್ಲ.

ಹಾಗಾದರೆ ಮಕ್ಕಳನ್ನು ತಡೆಯಲೇಬಾರದೆ? ಬಾವಿಯ ಕಟ್ಟೆ ಹತ್ತಿದ ಮಗುವನ್ನು ಸೆಳೆದುಕೊಳ್ಳುವುದು ಹಿಂಸೆಯಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಗುರುತಿಸುತ್ತದೆ. ತಡೆಯುವ ಕೈಯಲ್ಲಿರುವುದು ಎಚ್ಚರವೋ ಕ್ರೋಧ, ಮಾನಗಳೆಂಬ ಕಷಾಯವೋ ಎಂಬುದೇ ಒರೆಗಲ್ಲು.

ಈ ಒರೆಗಲ್ಲಿಗೆ ಶ್ರಾವಕರ ಮನೆಗಳೂ ಒಳಪಡಬೇಕು. ಬಂಧನ, ವಧ ಎಂದರೆ ಹೊಡೆತ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಇವು ಅಹಿಂಸಾಣುವ್ರತದ ಐದು ಅತಿಚಾರಗಳು. ಪಶುಗಳ ವಿಷಯದಲ್ಲಿ ಇವನ್ನು ನೆನೆಯುವವರು ಮಕ್ಕಳ ವಿಷಯದಲ್ಲಿ ಮರೆಯುವುದುಂಟು. ಶಾಲೆಯಲ್ಲಿ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಆದರೆ ಅಂಕಗಳಿಗಾಗಿ ಹೊರಿಸುವ ಹೊರೆ ಅತಿಭಾರವಲ್ಲವೆ? ದಶಲಕ್ಷಣ ಪರ್ವದಲ್ಲಿ ನೆಂಟರ ಮೆಚ್ಚುಗೆಗಾಗಿ ಎಳೆಯ ಮಗುವಿನಿಂದ ಉಪವಾಸ ಮಾಡಿಸಿದರೆ ಅದು ಯಾರ ತಪಸ್ಸು? ಮಗು ಒಲ್ಲೆನೆಂದ ಮೇಲೂ ಮಾಡಿಸಿದ ಉಪವಾಸ ಅನ್ನಪಾನನಿರೋಧಕ್ಕೆ ತೀರ ಹತ್ತಿರದ್ದು.

ರಾತ್ರಿಭೋಜನ ತ್ಯಾಗವನ್ನು ಹಿರಿಯರು ಸಂತೋಷದಿಂದ ಪಾಲಿಸಿ, ಕಾರಣವನ್ನು ತಿಳಿಯಹೇಳಿ, ಮಗುವಿನ ಪ್ರಶ್ನೆಗೆ ತಾಳ್ಮೆಯಿಂದ ಉತ್ತರಿಸಿದರೆ ನಿಮಿತ್ತದ ಕೆಲಸ ಅಲ್ಲಿಗೆ ಮುಗಿಯಿತು. ಫಲ ತಡವಾಗಬಹುದು, ಬಾರದೆಯೂ ಇರಬಹುದು. ಆ ಅನಿಶ್ಚಿತತೆಯನ್ನು ಸಹಿಸುವುದೇ ತಾಯಿತಂದೆಯರ ಪಾಲಿನ ಸಂಯಮ.