ಎಸೆಯೋ ಕಪ್ಪು, ತೊಳೆಯೋ ಲೋಟ

ಚೀನಾ ದೇಶದ ಚೆಂಗ್ಡು ಪಟ್ಟಣದಲ್ಲಿ ಟೀ ಅಂಗಡಿ ಅಂದರೆ ದಿನವಿಡೀ ಕೂತಿರಬಹುದಾದ ಜಾಗ. ಬಿದಿರಿನ ಕುರ್ಚಿ, ಮುಚ್ಚಳ ಇರುವ ಪಿಂಗಾಣಿ ಬಟ್ಟಲು. ಒಂದು ಸಲ ಕಾಸು ಕೊಟ್ಟರೆ ಅದೇ ಸೊಪ್ಪಿನ ಮೇಲೆ ಬಿಸಿನೀರು ಹುಯ್ಯುತ್ತಲೇ ಇರುತ್ತಾರೆ. ಅಲ್ಲಿನ ದೊಡ್ಡ ಪಾರ್ಕಿನೊಳಗೆ 1923ರಲ್ಲಿ ಶುರುವಾದ ಹೆಮಿಂಗ್ ಎಂಬ ಅಂಗಡಿಯನ್ನು ನೋಡೋಕೆ ಪ್ರವಾಸಿಗಳು ಈಗಲೂ ಹೋಗ್ತಾರೆ. ನಾನು ಹೋದವನಲ್ಲ, ಓದಿ ತಿಳಿದದ್ದು. ಆದರೂ ನಂಟು ನಮ್ಮ ನಾಲಿಗೆಯಲ್ಲೇ ಇದೆ. ಚಹಾ, ಟೀ, ಎರಡೂ ಚೀನಾದ ಮಾತುಗಳೇ, ಬೇರೆ ಬೇರೆ ದಾರಿ ಹಿಡಿದು ಬಂದವು.

ಓದಿದ್ದರಲ್ಲಿ ಒಂದು ಸಂಗತಿ ಮನಸ್ಸಿನಿಂದ ಹೋಗಲಿಲ್ಲ. ಹಿಂದೆ ಅಲ್ಲಿ ಗಿರಾಕಿ ಎದ್ದುಹೋದ ಮೇಲೆ ಬಟ್ಟಲಲ್ಲಿ ಉಳಿದ ಟೀಯನ್ನು ಬಡವರು ಕಾಸಿಲ್ಲದೆ ಕುಡಿಯಬಹುದಿತ್ತಂತೆ. ಕೇಳಿದ ಕೂಡಲೇ ನಮ್ಮ ಬಾಯಲ್ಲಿ ಬರೋದು "ಥೂ, ಎಂಜಲು!" ಅದನ್ನು ಸಮಾನತೆ ಅಂತ ನಾನು ಹೊಗಳ್ತಿಲ್ಲ. ಇಲ್ಲದವನಿಗೆ ಉಳಿದದ್ದು ಸಿಕ್ಕಿತು, ಅಷ್ಟೆ. ಆದರೆ ಬಟ್ಟಲು ಮಾತ್ರ ಅದೇ. ನಮ್ಮಲ್ಲಿ ಕಾಸು ಹಿಡಿದು ಬಂದವನಿಗೇ ಲೋಟ ಬೇರೆ ಇಟ್ಟಿದ್ದರಲ್ಲ, ಅದನ್ನು ಯಾವ ತಕ್ಕಡಿಯಲ್ಲಿ ತೂಗೋದು?

ತಮಿಳುನಾಡಿನ ಎಷ್ಟೋ ಹಳ್ಳಿಗಳ ಟೀ ಅಂಗಡಿಯಲ್ಲಿ ನಡೆದ ಈ ಎರಡು ಲೋಟದ ಪದ್ಧತಿಯನ್ನು ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಹಿರಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. ಕುಡಿದವನೇ ತೊಳೆದು, ಅದರ ಜಾಗದಲ್ಲೇ ಇಟ್ಟು ಹೋಗಬೇಕು. ಹೋಟೆಲಿನ ಪಾತ್ರೆ ಬಳಸೋದನ್ನು ಅಸ್ಪೃಶ್ಯತೆಯ ಕಾರಣಕ್ಕೆ ತಡೆಯೋದು ಅಪರಾಧ ಅಂತ 1955ರಲ್ಲೇ ಕಾನೂನು ಬಂತು. ಲೋಟಗಳು ಆಮೇಲೂ ಬಹಳ ವರ್ಷ ಬೇರೆಯಾಗೇ ಇದ್ದವು.

ಆಮೇಲೆ ಬಂತು ನೋಡಿ, ಕಾಗದದ ಕಪ್ಪು. ಕುಡಿ, ಎಸಿ. ಒಬ್ಬರ ಬಾಯಿ ತಾಕಿದ್ದನ್ನು ಇನ್ನೊಬ್ಬರು ಮುಟ್ಟಬೇಕಾಗಿಲ್ಲ. ಅವಮಾನ ತಪ್ಪಿತು, ಇದು ಸಣ್ಣ ಮಾತಲ್ಲ. ಇವತ್ತು ಬೆಂಚಿನ ಮೇಲೆ ಕೂತು ಕುಡಿಯೋ ಹುಡುಗನಿಗೆ ಅವನ ತಾತ ಪಟ್ಟ ಸಂಕಟ ಇಲ್ಲ. ಆದರೆ ಮನಸ್ಸು ಬದಲಾಯ್ತಾ? ಆ ಪ್ರಶ್ನೆ ಏಳೋಕೇ ಕಾಗದದ ಕಪ್ಪು ಬಿಡಲ್ಲ. ನಿನ್ನ ಲೋಟ ನನಗೆ ಬೇಡ, ನನ್ನದು ನಿನಗೆ ಬೇಡ, ಅಲ್ಲಿಗೆ ಇಬ್ಬರೂ ಸಮ. ಇದು ಎಂಥ ಸಮ ಅಂತ ನನಗೆ ಅನ್ನಿಸುತ್ತೆ.

2019ರ ಜನವರಿ 1ರಿಂದ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಲೇಪನದ ಕಾಗದದ ಕಪ್ಪಿಗೂ ನಿಷೇಧ. ಕಪ್ಪು ಪೂರ್ತಿ ಹೋಗಿಲ್ಲ, ಆದರೂ ನಮ್ಮೂರಲ್ಲಿ ಗಾಜಿನ ಲೋಟ ವಾಪಸ್ಸು ಬಂತು. ಕಸದ ಸಲುವಾಗಿ ಮಾಡಿದ ಕಾನೂನು ನಮ್ಮನ್ನು ಮತ್ತೆ ಒಂದೇ ಬಕೆಟ್ಟಿನ ಮುಂದೆ ನಿಲ್ಲಿಸಿದೆ.

"ಶುಚಿ ಬೇಡವಾ ಮೇಷ್ಟ್ರೇ, ಕಾಯಿಲೆ ಹರಡಲ್ವಾ?" ಅಂತ ಕೇಳೋರುಂಟು. ಬೇಕು. ಬಿಸಿನೀರಲ್ಲಿ ಅದ್ದಿ ತೊಳೀಲಿ, ಎಲ್ಲಾ ಲೋಟಾನೂ. ಕೆಲವರು ಕುಡಿದದ್ದನ್ನು ಮಾತ್ರ ಇನ್ನೊಂದು ಸಲ ತೊಳೆಸಬೇಕು ಅನ್ನಿಸಿದರೆ ಆ ಭಯ ಕ್ರಿಮಿಯದಲ್ಲ. ಶಾಲೆಯಲ್ಲಿ ನಾವೂ ಮಕ್ಕಳಿಗೆ "ಎತ್ತಿ ಕುಡಿ" ಅಂತ ಹೇಳಿಕೊಡ್ತೀವಿ, ಒಳ್ಳೇ ಅಭ್ಯಾಸ. ಮನೆಯಲ್ಲಿ ಅದೇ ಮಕ್ಕಳು ಅಣ್ಣ ಕಚ್ಚಿ ಕುಡಿದ ಲೋಟ ಇಸ್ಕೊಂಡು ಕುಡೀತಾರೆ, ಯಾರೂ ಏನೂ ಅನ್ನಲ್ಲ.

ಬೆಳಿಗ್ಗೆ ಏಳು ಗಂಟೆ ಗದ್ದಲದಲ್ಲಿ ಯಾರು ಕುಡಿದ ಲೋಟ ಯಾವುದು ಅಂತ ತೊಳೆಯೋರಿಗೆ ತಿಳಿಯಲ್ಲ. ತಿಳಿಯಬೇಕು ಅಂತ ಹಟ ಹಿಡಿದ ಹಿರಿಯರೊಬ್ಬರಿಗೆ ನಮ್ಮೂರ ಅಂಗಡಿಯ ಅಕ್ಕ, "ನಿಮ್ಮ ಚೊಂಬು ಮನೆಯಿಂದ ತಗೊಂಡ್ಬನ್ನಿ ಮಾವ, ಅದಕ್ಕೇ ಹುಯ್ತೀನಿ" ಅಂದುಬಿಟ್ಟರು. ಅವರೀಗ ದಿನಾ ಚೊಂಬು ಹಿಡ್ಕೊಂಡೇ ಬರ್ತಾರೆ, ಕುಡಿದು, ತಾವೇ ತೊಳ್ಕೊಂಡು ಹೋಗ್ತಾರೆ.