ಗಿಡದ ಕೆಳಗೆ ಮಲಗಿದ ಪ್ರವಾದಿ



ಸಾಲದ ಕಂತು ಕಟ್ಟುವ ದಿನ ಸಮೀಪಿಸಿತೆಂದರೆ ನಮ್ಮಲ್ಲಿ ಅನೇಕರಿಗೆ ರಾತ್ರಿ ನಿದ್ರೆ ಬಾರದು. ಕೊಳವೆಬಾವಿ ಬತ್ತಿರುವದು, ಮಗಳ ಮದುವೆ ಎದುರಿಗೆ ನಿಂತಿರುವದು, ಎದೆಯ ಮೇಲೆ ಕಲ್ಲು ಹೇರಿದ ಹಾಗಿರುವದು. ಇಂಥ ವೇಳೆಯಲ್ಲಿ ಸಭೆಯವರೇ ಯಾರಾದರೂ ಬಂದು, ನಿನ್ನ ವಿಶ್ವಾಸ ಕಡಿಮೆಯಾದದರಿಂದಲೇ ಹೀಗಾಯಿತು ಎಂದು ಹೇಳಿ ಹೋಗುವದುಂಟು. ಅದು ಹೊರೆ ಹೊತ್ತವನ ಮೇಲೆ ಇನ್ನೊಂದು ಹೊರೆಯೇ ಹೊರತು ಬುದ್ಧಿವಾದವಲ್ಲ. ಹಾಗೆ ಹೇಳುವವರು ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯವನ್ನು ಒಂದಾವರ್ತಿ ನಿಧಾನವಾಗಿ ಓದಲಿ.

ಎಲೀಯನು ಅಲ್ಪವಿಶ್ವಾಸಿಯೋ? ಕರ್ಮೆಲ್ ಬೆಟ್ಟದಲ್ಲಿ ಬಾಳನ 450 ಪ್ರವಾದಿಗಳೆದುರು ಒಬ್ಬನೇ ನಿಂತವನು ಆತನು. ಆದರೂ ರಾಣಿಯಾದ ಈಜೆಬೆಲಳ ಒಂದು ಮಾತಿಗೆ ಹೆದರಿ ಪ್ರಾಣ ಉಳಿಸಿಕೊಳ್ಳುವದಕ್ಕೆ ದಕ್ಷಿಣದ ಬೇರ್ಷೆಬದ ವರೆಗೂ ಓಡಿದನು. ಸೇವಕನನ್ನು ಅಲ್ಲಿಯೇ ಬಿಟ್ಟು, ಅಡವಿಯಲ್ಲಿ ಒಂದು ದಿನದ ಹಾದಿ ನಡೆದು, ಗಿಡವೊಂದರ ಕೆಳಗೆ ಕೂತು, ಇನ್ನು ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡಿದನು. ಪ್ರಾಣಕ್ಕಾಗಿ ಓಡಿದವನೇ ಪ್ರಾಣ ಬೇಡವೆಂದನು. ದಣಿದ ಮನಸ್ಸಿನ ಲೆಕ್ಕ ಹೀಗೆಯೇ ಇರುವದು.

ಇಲ್ಲಿ ದೇವರು ಮಾಡಿದ್ದೇನು ನೋಡಿರಿ. ಆತನು ಗದರಿಸಲಿಲ್ಲ, ಉಪದೇಶ ಮಾಡಲಿಲ್ಲ. ಮಲಗಗೊಟ್ಟನು. ಆ ಮೇಲೆ ದೂತನು ಬಂದು ಮೈಮುಟ್ಟಿ ಎಬ್ಬಿಸಿದನು. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ತಂಬಿಗೆಯಲ್ಲಿ ನೀರೂ ಇದ್ದವು. ಉಂಡು ಕುಡಿದು ಆತನು ತಿರಿಗಿ ಮಲಗಿದನು. ಅದಕ್ಕೂ ದೇವರು ಬೇಸರಪಡಲಿಲ್ಲ. ದೂತನು ಎರಡನೆಯ ಸಾರಿ ಬಂದು ಎಬ್ಬಿಸಿ, ಮುಂದಿನ ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು, ಆದದರಿಂದ ಇನ್ನೂ ತಿನ್ನು, ಎಂಬರ್ಥದಲ್ಲಿ ಹೇಳಿದನು. ಪ್ರಯಾಣವು ದೊಡ್ಡದೆಂದು ದೇವರೇ ಒಪ್ಪಿಕೊಂಡನಲ್ಲವೇ! ನಮ್ಮ ಕಷ್ಟ ಏನೂ ಅಲ್ಲವೆಂದು ನೆರೆಯವರು ಹೇಳಬಹುದು. ಆತನು ಹಾಗೆ ಹೇಳುವವನಲ್ಲ.

ಆದಕಾರಣ ಮನನೊಂದವನಿಗೆ ಒಂದು ತುತ್ತು ಅನ್ನ, ಒಂದು ರಾತ್ರಿಯ ನಿದ್ರೆ, ಪಕ್ಕದಲ್ಲಿ ಕೂತಿರುವ ಒಬ್ಬ ಸಹೋದರ, ಇವು ದೇವಸಾನ್ನಿಧ್ಯಕ್ಕೆ ಬದಲಾದವುಗಳಲ್ಲ. ಅನೇಕ ಸಲ ಇವೇ ಅದರ ಬಾಗಿಲಾಗಿರುವವು. ಸಾಯಬೇಕೆಂದು ಬಾಯಿಬಿಟ್ಟು ಹೇಳಿದವನನ್ನು ಒಬ್ಬನನ್ನಾಗಿ ಬಿಡಲೇಬಾರದು. ಮನೆಯಲ್ಲಿ ಬೆಳೆಯ ಔಷಧವಿದ್ದರೆ ತೆಗೆದಿಡಿರಿ. ಅವನ ಸಂಗಡ ಪ್ರಾರ್ಥಿಸಿರಿ, ತಡಮಾಡದೆ ಆಸ್ಪತ್ರೆಗೂ ಕರೆದುಕೊಂಡು ಹೋಗಿರಿ. ವೈದ್ಯನ ಬಳಿಗೆ ಹೋಗುವದು ಅವಿಶ್ವಾಸವೆಂದು ಯಾರು ಕಲಿಸಿದರೋ ನಾವು ಅರಿಯೆವು; ಶಾಸ್ತ್ರವು ಕಲಿಸಲಿಲ್ಲ.

ಲಂಡನ್ ನಗರದ ಹೆಸರಾಂತ ಬೋಧಕರಾದ ಚಾರ್ಲ್ಸ್ ಸ್ಪರ್ಜನ್ನರಿಗೂ ಈ ಕತ್ತಲೆ ತಪ್ಪಲಿಲ್ಲ. 1856ನೆಯ ಇಸವಿ ಅಕ್ಟೋಬರದಲ್ಲಿ ಅವರ ಆರಾಧನೆಗೆ ಕೂಡಿದ ಮಹಾ ಜನಸಂದಣಿಯಲ್ಲಿ ಯಾರೋ ಬೆಂಕಿಯೆಂದು ಕೂಗಲು, ನೂಕುನುಗ್ಗಲಿನಲ್ಲಿ ಏಳು ಮಂದಿ ಸತ್ತರು. ಆಗ ಅವರಿಗೆ 22 ವರ್ಷ. ಆ ಹೊಡೆತದಿಂದ ಅವರು ಕೆಲವು ದಿನ ಪ್ರಸಂಗಪೀಠವನ್ನು ಏರಲಾರದೆ ಹೋದರು. ಮುಂದೆಯೂ ಮನೋವ್ಯಥೆಯು ಅವರನ್ನು ಮತ್ತೆ ಮತ್ತೆ ಬಾಧಿಸಿತು. ಅದನ್ನವರು ಮುಚ್ಚಿಡದೆ ಬೋಧಕರ ಮುಂದೆಯೇ ಹೇಳಿಕೊಂಡರು.

ಎಲೀಯನು ಆ ಆಹಾರದ ಬಲದಿಂದ ನಾಲ್ವತ್ತು ದಿವಸ ನಡೆದು ಹೋರೇಬ್ ಬೆಟ್ಟವನ್ನು ಮುಟ್ಟಿದನು. ಬಿರುಗಾಳಿ ಬೀಸಿತು, ಭೂಮಿ ಕಂಪಿಸಿತು, ಬೆಂಕಿ ಉರಿಯಿತು, ಅವುಗಳಲ್ಲಿ ಯೆಹೋವನಿರಲಿಲ್ಲ. ತರುವಾಯ ಮೆಲ್ಲಗಿನ ಒಂದು ಸ್ವರ. ಗಟ್ಟಿಯಾಗಿ ಕೂಗಿ ಪ್ರಾರ್ಥಿಸುವವರನ್ನು ನಾವು ದೂಷಿಸುವದಿಲ್ಲ. ಆದರೆ ಕೂಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿರುವದೂ ಒಳ್ಳೇದು. ಆ ಸ್ವರ ಕೇಳುವದಕ್ಕೆ ಮುಂಚೆ ಹೇಳಿದ ದೂರನ್ನೇ ಎಲೀಯನು ಕೇಳಿದ ತರುವಾಯವೂ ಹೇಳಿದನು: ತಾನೊಬ್ಬನೇ ಉಳಿದೆನೆಂದನು. ದೇವರು ಅದನ್ನು ಎರಡು ಸಾರಿಯೂ ಕೇಳಿಕೊಂಡನು. ಬಳಿಕ, ಬಾಳನಿಗೆ ಮೊಣಕಾಲೂರದ 7000 ಜನರು ಇಸ್ರಾಯೇಲಿನಲ್ಲಿರುವರೆಂದು ತಿಳಿಸಿ, ಮಾಡಬೇಕಾದ ಕೆಲಸವನ್ನೂ ಕೊಟ್ಟು ಕಳುಹಿಸಿದನು.

ಬೆಟ್ಟದಿಂದ ಹೊರಟು ಬಂದಾಗ ಎಲೀಷನು ಹೊಲ ಉಳುತ್ತಿದ್ದನು. ಹನ್ನೆರಡು ಜೋಡಿ ಎತ್ತುಗಳು, ಹನ್ನೆರಡನೆಯ ಜೋಡಿಯ ಹಿಂದೆ ಅವನು. ಎಲೀಯನು ಹಾದುಹೋಗುತ್ತಾ ತನ್ನ ಕಂಬಳಿಯನ್ನು ಅವನ ಮೇಲೆ ಹಾಕಿದನು. ಎಲೀಷನು ಎತ್ತುಗಳನ್ನು ಬಿಟ್ಟು ಆತನ ಹಿಂದೆ ಓಡಿದನು.